ಮಂಗನ ಕಾಯಿಲೆಯ ಒಂದು ಪ್ರಶ್ನೆ ಹಿಡಿದು ಜರ್ನಲ್‌ಗಳ ಒಳಗೆ: ಸಂಶೋಧನಾ ಲೇಖನ ಹುಡುಕುವ ಸಮಗ್ರ ಮಾರ್ಗದರ್ಶಿ

ಸಾಗರದಲ್ಲಿ ಬಿ.ಎಸ್ಸಿ ಓದುತ್ತಿರುವ ಅಣ್ಣನ ಮಗಳು ಒಂದು ರಾತ್ರಿ ಫೋನ್ ಮಾಡಿದಳು. 'ಚಿಕ್ಕಪ್ಪ, ಮಂಗನ ಕಾಯಿಲೆಗೆ ಅಂತ ವರ್ಷಗಟ್ಟಲೆ ಲಸಿಕೆ ಹಾಕಿದ್ರಲ್ಲ, ಅದು ನಿಜವಾಗ್ಲೂ ಕೆಲಸ ಮಾಡ್ತಿತ್ತಾ? ಪ್ರಾಜೆಕ್ಟಿಗೆ ಬೇಕು. ಗೂಗಲ್‌ನಲ್ಲಿ ಬರೀ ನ್ಯೂಸೇ ಬರ್ತಿದೆ.'

ಪ್ರಶ್ನೆ ಚೆನ್ನಾಗಿದೆ. ಉತ್ತರವೂ ಇದೆ. ಆದರೆ ಅದು ಇರುವುದು ಬೆಳಿಗ್ಗೆ ಮನೆ ಬಾಗಿಲಿಗೆ ಬೀಳುವ ಪೇಪರಿನಲ್ಲಿ ಅಲ್ಲ, ಸಂಶೋಧಕರು 'ಪೇಪರ್' ಅನ್ನುತ್ತಾರಲ್ಲ, ಅದರಲ್ಲಿ. ನಾನು ಕಾಲೇಜು ಲೈಬ್ರರಿಯಲ್ಲಿ ಕೆಲಸ ಮಾಡುವವನು. ಅವಳಿಗೆ ಹೇಳಿಕೊಟ್ಟಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ವಿಷಯ ಅಡಿಕೆಯ ಕೊಳೆ ರೋಗವೋ ಹಳಗನ್ನಡ ವ್ಯಾಕರಣವೋ ಆಗಿರಬಹುದು. ದಾರಿ ಹೆಚ್ಚುಕಡಿಮೆ ಒಂದೇ.

ಮೊದಲು, ಜರ್ನಲ್ ಅಂದರೆ ಏನು?

ಒಬ್ಬರು ಕಂಡುಕೊಂಡಿದ್ದನ್ನು ಅದೇ ವಿಷಯ ಗೊತ್ತಿರುವ ಇನ್ನೊಬ್ಬರ ಮುಂದೆ ಇಟ್ಟು, 'ಸರಿಯಿದೆಯಾ ನೋಡಿ' ಎನ್ನುವ ಜಾಗ ಅದು. 1665ರಲ್ಲಿ ಪ್ಯಾರಿಸ್‌ನಲ್ಲಿ ಒಂದು, ಲಂಡನ್‌ನಲ್ಲಿ ರಾಯಲ್ ಸೊಸೈಟಿಯ 'ಫಿಲಾಸಫಿಕಲ್ ಟ್ರಾನ್ಸಾಕ್ಷನ್ಸ್' ಎಂಬ ಇನ್ನೊಂದು ಶುರುವಾದವು. ಲಂಡನ್ನಿನದು ಇವತ್ತಿಗೂ ಬರುತ್ತಿದೆ. ನಮ್ಮಲ್ಲಿ 'ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್' 1913ರಿಂದ ಇದೆ. ಬೆಂಗಳೂರಿನ 'ಕರೆಂಟ್ ಸೈನ್ಸ್' 1932ರಿಂದ ಇದೆ.

ಜರ್ನಲ್‌ಗೆ ಕಳಿಸಿದ ಲೇಖನ ನೇರವಾಗಿ ಅಚ್ಚಾಗುವುದಿಲ್ಲ. ಸಂಪಾದಕರು ಅದನ್ನು ಅದೇ ಕ್ಷೇತ್ರದ ಇಬ್ಬರಿಗೋ ಮೂವರಿಗೋ ಕಳಿಸುತ್ತಾರೆ. ಅವರು ತಪ್ಪು ಹುಡುಕುತ್ತಾರೆ, ಪ್ರಶ್ನೆ ಕೇಳುತ್ತಾರೆ, ಕೆಲವೊಮ್ಮೆ 'ಇದು ಬೇಡ' ಎಂದೇ ಹೇಳುತ್ತಾರೆ. ಇದಕ್ಕೆ ಪಿಯರ್ ರಿವ್ಯೂ ಎನ್ನುತ್ತಾರೆ. ಇದರಲ್ಲಿ ತಿಂಗಳುಗಳೇ ಹೋಗುತ್ತವೆ. ಹಾಗಂತ ಇದನ್ನು ದಾಟಿ ಬಂದದ್ದೆಲ್ಲ ಸತ್ಯ ಎಂದುಕೊಳ್ಳಬೇಡಿ. ಕಣ್ಣಿಗೆ ಕಾಣುವ ತಪ್ಪುಗಳನ್ನು ಒಂದಿಷ್ಟು ಸೋಸಿದ್ದಾರೆ, ಅಷ್ಟೇ.

ಜರ್ನಲ್‌ನಲ್ಲಿ ಬರುವುದೆಲ್ಲ ಒಂದೇ ಜಾತಿಯ ಬರಹವೂ ಅಲ್ಲ. ತಾವೇ ಪ್ರಯೋಗವನ್ನೋ ಸಮೀಕ್ಷೆಯನ್ನೋ ಮಾಡಿ ಬರೆದದ್ದು ಮೂಲ ಸಂಶೋಧನೆ. ಹತ್ತಾರು ಮೂಲ ಲೇಖನಗಳನ್ನು ಓದಿ 'ಇಲ್ಲಿಯವರೆಗೆ ಗೊತ್ತಾಗಿದ್ದು ಇಷ್ಟು' ಎಂದು ಬರೆದದ್ದು ರಿವ್ಯೂ ಲೇಖನ. ಸಂಪಾದಕೀಯ, ಪತ್ರ, ಒಬ್ಬ ರೋಗಿಯ ಕಥೆ ಹೇಳುವ ಕೇಸ್ ರಿಪೋರ್ಟ್ ಇವೂ ಇರುತ್ತವೆ. ಯಾರೂ ಪರಿಶೀಲಿಸುವ ಮೊದಲೇ ಆನ್‌ಲೈನ್‌ನಲ್ಲಿ ಹಾಕಿದ್ದು ಪ್ರಿಪ್ರಿಂಟ್. ಭೌತಶಾಸ್ತ್ರದವರು 1991ರಿಂದ ಆರ್ಕೈವ್ (arXiv) ಎಂಬ ತಾಣದಲ್ಲಿ ಹೀಗೆ ಹಾಕುತ್ತಾ ಬಂದಿದ್ದಾರೆ. ವಿಷಯ ಹೊಸದಾಗಿದ್ದರೆ ರಿವ್ಯೂ ಲೇಖನದಿಂದಲೇ ಶುರುಮಾಡಿ. ನೇರವಾಗಿ ಮೂಲ ಲೇಖನಕ್ಕೆ ಕೈ ಹಾಕಿದರೆ ತಲೆಬುಡ ತಿಳಿಯದೆ ಬೇಜಾರಾಗುತ್ತದೆ.

ಒಂದನೇ ಹೆಜ್ಜೆ: ಹುಡುಕುವ ಮೊದಲು ಪದಗಳ ಪಟ್ಟಿ

ಎಲ್ಲರೂ ಹಾರಿ ದಾಟುವ ಹೆಜ್ಜೆ ಇದು. ನನ್ನ ಪ್ರಕಾರ ಅರ್ಧ ಕೆಲಸ ಇಲ್ಲೇ ಇದೆ.

ಪ್ರಶ್ನೆಯನ್ನು ಒಂದು ಹಾಳೆಯ ಮೇಲೆ ಬರೆಯಿರಿ. 'ಮಂಗನ ಕಾಯಿಲೆಯ ಲಸಿಕೆ ಎಷ್ಟು ಕೆಲಸ ಮಾಡಿತು?' ಇದರಲ್ಲಿ ಮೂರು ತುಂಡುಗಳಿವೆ: ಕಾಯಿಲೆ, ಲಸಿಕೆ, ಎಷ್ಟು ಕೆಲಸ ಮಾಡಿತು ಎನ್ನುವುದು. ಈಗ ಒಂದೊಂದು ತುಂಡಿಗೂ ಸಂಶೋಧಕರು ಯಾವ ಪದ ಬಳಸುತ್ತಾರೆ ಎಂದು ಬರೆಯಬೇಕು.

ನಾವು ಮಂಗನ ಕಾಯಿಲೆ ಅನ್ನುತ್ತೇವೆ. ಇಂಗ್ಲಿಷ್ ಸುದ್ದಿಯಲ್ಲಿ 'ಮಂಕಿ ಫೀವರ್'. ಜರ್ನಲ್‌ಗಳಲ್ಲಿ 'ಕ್ಯಾಸನೂರ್ ಫಾರೆಸ್ಟ್ ಡಿಸೀಸ್' (Kyasanur Forest Disease). 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದಾಗ ಮೊದಲು ಗುರುತಿಸಿದ್ದರಿಂದ ಆ ಹೆಸರು. ಉಣುಗಿನಿಂದ ಹರಡುವ ಕಾಯಿಲೆ, ಆದ್ದರಿಂದ 'ಟಿಕ್' ಎಂಬ ಪದವೂ ಪಟ್ಟಿಯಲ್ಲಿರಲಿ. ಲಸಿಕೆಗೆ 'ವ್ಯಾಕ್ಸೀನ್' ಇದೆ, 'ವ್ಯಾಕ್ಸಿನೇಷನ್' ಇದೆ. 'ಕೆಲಸ ಮಾಡಿತಾ' ಎನ್ನುವುದಕ್ಕೆ ಎರಡು ಪದ: ಪ್ರಯೋಗದ ಕಟ್ಟುನಿಟ್ಟಿನೊಳಗೆ ಅಳೆದರೆ 'ಎಫಿಕಸಿ', ಊರಿನ ನಿಜ ಪರಿಸ್ಥಿತಿಯಲ್ಲಿ ಅಳೆದರೆ 'ಎಫೆಕ್ಟಿವ್‌ನೆಸ್'. ಇವನ್ನೆಲ್ಲ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು ಎಂದು ಬೇರೆ ಹೇಳಬೇಕಿಲ್ಲ ಅಲ್ವಾ.

ನಮ್ಮ ಹುಡುಗಿ ಮೊದಲು ಟೈಪ್ ಮಾಡಿದ್ದು ಸುಮ್ನೆ ಮೂರಕ್ಷರ, 'ಕೆಎಫ್‌ಡಿ'. ಬಂದದ್ದರಲ್ಲಿ ಒಂದಿಷ್ಟು ಲೇಖನಗಳು ಕುತ್ತಿಗೆಯ ಗಂಟುಗಳ ಬಗ್ಗೆ! ಕಿಕುಚಿ-ಫುಜಿಮೊಟೊ ಎಂಬ ಇನ್ನೊಂದು ಕಾಯಿಲೆಗೂ ಅದೇ ಮೂರಕ್ಷರ. ಅದರಲ್ಲೂ ಜ್ವರ ಬರುತ್ತದೆ, ಹಾಗಾಗಿ 'ಫೀವರ್' ಸೇರಿಸಿದರೂ ಬೇರೆಯಾಗಲಿಲ್ಲ. ಸಂಕ್ಷಿಪ್ತ ಹೆಸರನ್ನು ಒಂಟಿಯಾಗಿ ಹುಡುಕಬೇಡಿ.

ಕರ್ನಾಟಕದ ವಿಷಯ ಹುಡುಕುವವರಿಗೆ ಇನ್ನೊಂದು ತೊಡಕಿದೆ, ಊರಿನ ಹೆಸರು. 2014ರ ನವೆಂಬರ್ 1ಕ್ಕೆ ಮೊದಲು ಬಂದ ಲೇಖನಗಳಲ್ಲಿ 'ಶಿಮೊಗಾ' ಎಂದಿರುತ್ತದೆ, ಆಮೇಲಿನ ಹಲವದರಲ್ಲಿ 'ಶಿವಮೊಗ್ಗ'. ಬೆಳಗಾವಿ 'ಬೆಲ್ಗಾಮ್' ಆಗಿರುತ್ತದೆ. ಉತ್ತರ ಕನ್ನಡ ಹಳೆಯದರಲ್ಲಿ 'ನಾರ್ತ್ ಕೆನರಾ'. 1973ಕ್ಕೂ ಹಿಂದೆ ಹೋದರೆ ರಾಜ್ಯದ ಹೆಸರೇ 'ಮೈಸೂರು'. ಇವೆಲ್ಲ ಪಟ್ಟಿಯಲ್ಲಿ ಇಲ್ಲದಿದ್ದರೆ ಅರವತ್ತರ ದಶಕದ ಕೆಲಸವೆಲ್ಲ ನಿಮ್ಮ ಕಣ್ಣಿಗೇ ಬೀಳುವುದಿಲ್ಲ.

ಎರಡನೇ ಹೆಜ್ಜೆ: ಎಲ್ಲಿ ಹುಡುಕಬೇಕು

ಗೂಗಲ್ ಸ್ಕಾಲರ್‌ನಿಂದ ಶುರುಮಾಡಿ. 2004ರಲ್ಲಿ ಬಂದದ್ದು, ಪುಕ್ಕಟೆ. ಮಾಮೂಲಿ ಗೂಗಲ್ ಇಡೀ ಅಂತರ್ಜಾಲ ಹುಡುಕಿದರೆ ಇದು ಹುಡುಕುವುದು ಲೇಖನ, ಪ್ರಬಂಧ, ಪುಸ್ತಕಗಳನ್ನು. ಮೂರು ಉಪಾಯ ಗೊತ್ತಿದ್ದರೆ ಸಾಕು. ಕಾಯಿಲೆಯ ಪೂರ್ತಿ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ, ಆಗ ಆ ಪದಗಳು ಅದೇ ಕ್ರಮದಲ್ಲಿ ಇರುವುದು ಮಾತ್ರ ಬರುತ್ತದೆ. ಎರಡು ಹೆಸರುಗಳ ನಡುವೆ ದೊಡ್ಡ ಅಕ್ಷರಗಳಲ್ಲಿ 'ಆರ್' (OR) ಎಂದು ಹಾಕಿದರೆ ಯಾವುದಾದರೊಂದು ಇದ್ದರೂ ಸಿಗುತ್ತದೆ. ಶಿಮೊಗಾ-ಶಿವಮೊಗ್ಗ ಸಮಸ್ಯೆಗೆ ಇದೇ ಮದ್ದು. ಬೇಡದ ಪದದ ಎಡಕ್ಕೆ ಜಾಗ ಬಿಡದೆ ಒಂದು ಮೈನಸ್ ಗೆರೆ ಹಾಕಿದರೆ ಅದು ಹೊರಗೆ. ಕಿಕುಚಿಯನ್ನು ನಾವು ಓಡಿಸಿದ್ದು ಹಾಗೆ.

ಸ್ಕಾಲರ್‌ನ ದೋಷವೂ ಗೊತ್ತಿರಲಿ. ಅದರ ಬಲೆ ದೊಡ್ಡದು, ಆದ್ದರಿಂದ ಕಸವೂ ಬರುತ್ತದೆ. ಒಳ್ಳೆಯ ಜರ್ನಲ್, ದುಡ್ಡು ಕೊಟ್ಟರೆ ಏನನ್ನಾದರೂ ಛಾಪಿಸುವ ಜರ್ನಲ್, ಎರಡನ್ನೂ ಅದು ಪಕ್ಕಪಕ್ಕದಲ್ಲೇ ಕೂರಿಸುತ್ತದೆ.

ವಿಷಯ ಆರೋಗ್ಯದ್ದಾದರೆ ಆಮೇಲೆ ಪಬ್‌ಮೆಡ್‌ಗೆ ಹೋಗಿ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ನಡೆಸುವ ತಾಣ, ಅದೂ ಪುಕ್ಕಟೆ. ಇಲ್ಲಿ ಒಂದು ಅನುಕೂಲ ಇದೆ. ಲೇಖಕರು ಯಾವ ಪದ ಬಳಸಿದ್ದರೂ ಇಲ್ಲಿನ ಬಹುತೇಕ ಲೇಖನಗಳಿಗೆ 'ಮೆಶ್' ಎಂಬ ಒಂದೇ ಪಟ್ಟಿಯಿಂದ ವಿಷಯದ ಹೆಸರು ಅಂಟಿಸಿರುತ್ತಾರೆ. ಲೈಬ್ರರಿಯಲ್ಲಿ ಪುಸ್ತಕದ ಬೆನ್ನಿಗೆ ನಂಬರ್ ಹಚ್ಚುತ್ತೇವಲ್ಲ, ಹಾಗೆ. ಕ್ಯಾಸನೂರ್ ಫಾರೆಸ್ಟ್ ಡಿಸೀಸ್‌ಗೂ ಅಲ್ಲಿ ತನ್ನದೇ ಹೆಸರಿದೆ. ಎಡಗಡೆಯ ಪಟ್ಟಿಯಲ್ಲಿ ವರ್ಷ ಆರಿಸಬಹುದು, ರಿವ್ಯೂ ಮಾತ್ರ ಬೇಕು ಎನ್ನಬಹುದು, ಪುಕ್ಕಟೆ ಪೂರ್ತಿ ಲೇಖನ ಇರುವುದು ಮಾತ್ರ ತೋರಿಸು ಎನ್ನಬಹುದು.

ಬೇರೆ ವಿಷಯದವರಿಗೆ: ಕೃಷಿ ವಿಶ್ವವಿದ್ಯಾಲಯಗಳ ಪ್ರಬಂಧಗಳು 'ಕೃಷಿಕೋಶ'ದಲ್ಲಿವೆ. ಇತಿಹಾಸ, ಸಾಹಿತ್ಯ, ಸಮಾಜಶಾಸ್ತ್ರಕ್ಕೆ ಜೆಸ್ಟೋರ್ ಒಳ್ಳೆಯದು, ಅಲ್ಲಿ ಸ್ವಂತ ಖಾತೆ ತೆರೆದರೆ ತಿಂಗಳಿಗೆ ಒಂದಿಷ್ಟು ಲೇಖನಗಳನ್ನು ಆನ್‌ಲೈನ್‌ನಲ್ಲೇ ಪುಕ್ಕಟೆ ಓದಬಹುದು. ದೇಶದ ಪಿಎಚ್.ಡಿ ಪ್ರಬಂಧಗಳು 'ಶೋಧಗಂಗಾ'ದಲ್ಲಿ ಸಿಗುತ್ತವೆ. ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ತನ್ನ ಜರ್ನಲ್‌ಗಳನ್ನು ತನ್ನ ತಾಣದಲ್ಲೇ ತೆರೆದಿಟ್ಟಿದೆ.

ಕನ್ನಡದಲ್ಲೇ ಬರೆದ ಸಂಶೋಧನೆ ಬೇಕೆನ್ನುವವರ ಕಷ್ಟ ಬೇರೆ. ಶೋಧಗಂಗಾದಲ್ಲಿ ಕನ್ನಡ ಪ್ರಬಂಧಗಳು ಸಾಕಷ್ಟಿವೆ. ಆದರೆ ಹಲವನ್ನು ನುಡಿಯಂಥ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದಾರೆ, ಇಲ್ಲವೇ ಪುಟಗಳನ್ನು ಫೋಟೋ ತೆಗೆದ ಹಾಗೆ ಸ್ಕ್ಯಾನ್ ಮಾಡಿದ್ದಾರೆ. ಯೂನಿಕೋಡ್ ಅಲ್ಲದ್ದರಿಂದ ಒಳಗಿನ ಪದಗಳು ಹುಡುಕಾಟಕ್ಕೆ ಸಿಗುವುದೇ ಇಲ್ಲ. ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಅಡ್ಡಾದಿಡ್ಡಿ ಅಕ್ಷರ! ಹಾಗಾಗಿ ಶೀರ್ಷಿಕೆಯನ್ನು ಕನ್ನಡದಲ್ಲಿ ಒಮ್ಮೆ, ಇಂಗ್ಲಿಷ್ ಅಕ್ಷರಗಳಲ್ಲಿ ಒಮ್ಮೆ ಹುಡುಕಿ. ಅದೂ ಆಗದಿದ್ದರೆ ವಿಶ್ವವಿದ್ಯಾಲಯ, ವಿಭಾಗ, ಗೈಡ್ ಹೆಸರು ಹಿಡಿದು ಒಂದೊಂದಾಗಿ ನೋಡಿಕೊಂಡು ಹೋಗಬೇಕು. 'ಪ್ರಬುದ್ಧ ಕರ್ಣಾಟಕ'ದಂಥ ಹಳೆಯ ಪತ್ರಿಕೆಗಳಿಗೆ ಇಂಟರ್ನೆಟ್ ಆರ್ಕೈವ್‌ನಲ್ಲಿ ನೋಡಿ, ಸಿಗದಿದ್ದರೆ ಲೈಬ್ರರಿಯ ಹಳೆ ಕಟ್ಟುಗಳೇ ಗತಿ. ಧೂಳು ಕುಡಿಯಲು ತಯಾರಿರಿ.

ಮೂರನೇ ಹೆಜ್ಜೆ: ಒಂದು ಒಳ್ಳೆಯ ಲೇಖನ ಹಿಡಿದು ಹಿಂದಕ್ಕೂ ಮುಂದಕ್ಕೂ

ಪುಟಗಟ್ಟಲೆ ಫಲಿತಾಂಶ ನೋಡಿ ಹೆದರಬೇಡಿ. ನಿಮಗೆ ಬೇಕಾಗಿರುವುದು ಒಂದೇ ಒಂದು ಒಳ್ಳೆಯ ಲೇಖನ. ಅದು ಸಿಕ್ಕರೆ ಉಳಿದವು ತಾವಾಗಿಯೇ ಹಿಂದೆ ಬರುತ್ತವೆ.

ನಮಗೆ ಸಿಕ್ಕಿದ್ದು 2013ರದ್ದು. 2005ರಿಂದ 2010ರವರೆಗೆ ಕರ್ನಾಟಕದಲ್ಲಿ ಈ ಲಸಿಕೆ ಎಷ್ಟು ಜನರಿಗೆ ತಲುಪಿತು, ಎಷ್ಟು ಕಾಪಾಡಿತು ಎಂದು ಅಳೆದ ಲೇಖನ. 'ಪ್ಲಾಸ್ ನೆಗ್ಲೆಕ್ಟೆಡ್ ಟ್ರಾಪಿಕಲ್ ಡಿಸೀಸಸ್' ಎಂಬ ಜರ್ನಲ್‌ನಲ್ಲಿದೆ, ಯಾರು ಬೇಕಾದರೂ ಪೂರ್ತಿ ಓದಬಹುದು.

ಹಿಂದಕ್ಕೆ ಹೋಗಲು ಲೇಖನದ ಕೊನೆಯಲ್ಲಿರುವ ಉಲ್ಲೇಖಗಳ ಪಟ್ಟಿ ನೋಡಿ. ಅಲ್ಲಿ 1994ರ ಒಂದು ಲೇಖನ ಕಂಡಿತು. ಲಸಿಕೆ ಬಳಕೆಗೆ ಬಂದ ಮೊದಲ ವರ್ಷಗಳ ಕ್ಷೇತ್ರ ಪ್ರಯೋಗದ್ದು, 'ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್'ನಲ್ಲಿ ಬಂದದ್ದು. ಮುಂದಕ್ಕೆ ಹೋಗಲು ಗೂಗಲ್ ಸ್ಕಾಲರ್‌ನಲ್ಲಿ ಲೇಖನದ ಕೆಳಗಿರುವ 'ಸೈಟೆಡ್ ಬೈ' ಒತ್ತಿ. ಈ ಲೇಖನವನ್ನು ಆಮೇಲೆ ಯಾರ್ಯಾರು ಎತ್ತಿಕೊಂಡಿದ್ದಾರೆ ಎಂದು ಅದು ತೋರಿಸುತ್ತದೆ. ಅಲ್ಲಿ 2015ರದ್ದು ಸಿಕ್ಕಿತು: 2013-14ರಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿ ಕಾಯಿಲೆ ಹರಡಿದಾಗ ನಡೆದ ಅಧ್ಯಯನ, 'ಎಮರ್ಜಿಂಗ್ ಇನ್ಫೆಕ್ಷಿಯಸ್ ಡಿಸೀಸಸ್'ನಲ್ಲಿ.

ಹುಡುಕುವ ಪೆಟ್ಟಿಗೆಯಲ್ಲಿ ಪದ ಬದಲಾಯಿಸುತ್ತಾ ಕಳೆಯುವ ಎರಡು ಗಂಟೆಗಿಂತ ಈ ಹಿಂದೆ-ಮುಂದೆ ಓಡಾಟದ ಇಪ್ಪತ್ತು ನಿಮಿಷ ವಾಸಿ. ಹೊಸ ಪದಗಳೂ ಇಲ್ಲೇ ಸಿಗುತ್ತವೆ, ಅವನ್ನು ಮೊದಲಿನ ಹಾಳೆಗೆ ಸೇರಿಸಿ.

ನಾಲ್ಕನೇ ಹೆಜ್ಜೆ: ಪೂರ್ತಿ ಲೇಖನ ಕೈಗೆ ಸಿಗುವುದು ಹೇಗೆ

ಕ್ಲಿಕ್ ಮಾಡಿದ ಕೂಡಲೇ 'ಇಷ್ಟು ಡಾಲರ್ ಕೊಡಿ' ಎಂದು ಬರಬಹುದು. ತಕ್ಷಣ ಕಾರ್ಡ್ ತೆಗೆಯಬೇಡಿ. ನಾನೊಮ್ಮೆ ಅವಸರದಲ್ಲಿ ಸುಮಾರು ಮೂರು ಸಾವಿರ ರೂಪಾಯಿ ಕೊಟ್ಟು ಒಂದು ಲೇಖನ ತಗೊಂಡೆ. ಅದೇ ಲೇಖನವನ್ನು ಬರೆದವರೇ ತಮ್ಮ ವಿಭಾಗದ ತಾಣದಲ್ಲಿ ಪುಕ್ಕಟೆ ಹಾಕಿದ್ದರು ಎಂದು ಮಾರನೇ ದಿನ ಗೊತ್ತಾಯಿತು. ಮನೆಯಲ್ಲಿ ಹೇಳಲಿಲ್ಲ.

ಸ್ಕಾಲರ್‌ನಲ್ಲಿ ಲೇಖನದ ಬಲಕ್ಕೆ ಪಿಡಿಎಫ್ ಕೊಂಡಿ ಇದೆಯಾ ನೋಡಿ. ಇಲ್ಲದಿದ್ದರೆ ಕೆಳಗಿನ 'ಆಲ್ ವರ್ಷನ್ಸ್' ಒತ್ತಿ. ಆರೋಗ್ಯದ ಲೇಖನವಾದರೆ ಪಬ್‌ಮೆಡ್ ಸೆಂಟ್ರಲ್‌ನಲ್ಲಿ ಪೂರ್ತಿ ಇರಬಹುದು. ಬ್ರೌಸರ್‌ಗೆ 'ಅನ್‌ಪೇವಾಲ್' ಎಂಬ ಪುಟ್ಟ ಉಪಕರಣ ಹಾಕಿಕೊಂಡರೆ ಕಾನೂನುಬದ್ಧ ಪುಕ್ಕಟೆ ಪ್ರತಿ ಎಲ್ಲಾದರೂ ಇದ್ದರೆ ಅದೇ ತೋರಿಸುತ್ತದೆ.

ಸರ್ಕಾರಿ ಕಾಲೇಜು, ವಿಶ್ವವಿದ್ಯಾಲಯದಲ್ಲಿದ್ದೀರಾ? ಹಾಗಾದರೆ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಬಗ್ಗೆ ಲೈಬ್ರರಿಯನ್‌ನ ಕೇಳಿ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿಯ ಈ ಯೋಜನೆಗೆ ಒಪ್ಪಿಗೆ ಕೊಟ್ಟಿತು. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಇದರಲ್ಲಿವೆ. ಖಾಸಗಿ ಕಾಲೇಜುಗಳನ್ನು ಮೊದಲ ಹಂತದಲ್ಲಿ ಸೇರಿಸಲಿಲ್ಲ, ಅದು ಬೇಸರದ ವಿಷಯ. ಬಳಸುವ ಹಕ್ಕಿದ್ದೂ ಗೊತ್ತಿಲ್ಲದವರು ಜಾಸ್ತಿ ಇದ್ದಾರೆ, ಅದು ಇನ್ನೂ ಬೇಸರದ ವಿಷಯ.

ಯಾವುದೂ ಆಗದಿದ್ದರೆ ಬರೆದವರಿಗೇ ಮೇಲ್ ಮಾಡಿ. ಲೇಖನದ ಮೊದಲ ಪುಟದಲ್ಲಿ ಅವರ ವಿಳಾಸ ಇರುತ್ತದೆ. 'ನಾನು ಇಂಥ ಕಾಲೇಜಿನ ವಿದ್ಯಾರ್ಥಿ, ಇಂಥ ವಿಷಯ ಓದುತ್ತಿದ್ದೇನೆ, ನಿಮ್ಮ ಈ ಲೇಖನದ ಪ್ರತಿ ಕಳಿಸಲು ಸಾಧ್ಯವೇ?' ಇಷ್ಟು ಸಾಕು. ಜೀವನ ಚರಿತ್ರೆ ಬೇಡ. ನಾವು ಕಟ್ಟುವ ಆ ದುಡ್ಡು ಸಾಮಾನ್ಯವಾಗಿ ಬರೆದವರಿಗೆ ಹೋಗುವುದಿಲ್ಲ, ಆದ್ದರಿಂದ ಕಳಿಸಲು ಅವರಿಗೇನೂ ನಷ್ಟವಿಲ್ಲ. ಯಾರೋ ಓದುತ್ತಿದ್ದಾರಲ್ಲ ಎಂದು ಖುಷಿಯೇ ಪಡುತ್ತಾರೆ.

ಐದನೇ ಹೆಜ್ಜೆ: ಓದುವ ಕ್ರಮ

ಲೇಖನವನ್ನು ಕಾದಂಬರಿಯ ಹಾಗೆ ಮೊದಲಿನಿಂದ ಕೊನೆಯವರೆಗೆ ಓದಬೇಡಿ. ವಿಜ್ಞಾನದ ಲೇಖನಕ್ಕೆ ಸಾಮಾನ್ಯವಾಗಿ ಆರು ಭಾಗ: ಸಾರಾಂಶ, ಪೀಠಿಕೆ, ವಿಧಾನ, ಫಲಿತಾಂಶ, ಚರ್ಚೆ, ಉಲ್ಲೇಖ. ಮೊದಲು ಸಾರಾಂಶ. ಇದು ಬೇಕಾದ್ದೇ ಅನ್ನಿಸಿದರೆ ಪೀಠಿಕೆಯ ಕೊನೆಯ ಪ್ಯಾರಾಕ್ಕೆ ಹೋಗಿ, ಅವರ ಪ್ರಶ್ನೆ ಏನು ಎಂದು ಸಾಮಾನ್ಯವಾಗಿ ಅಲ್ಲಿರುತ್ತದೆ. ಆಮೇಲೆ ಕೋಷ್ಟಕ, ಚಿತ್ರ. ಚರ್ಚೆಯಲ್ಲಿ 'ಈ ಅಧ್ಯಯನದ ಮಿತಿಗಳು' ಎಂಬ ಭಾಗವನ್ನು ಬಿಡಬೇಡಿ. ತಮ್ಮ ಲೇಖನದ ದೌರ್ಬಲ್ಯವನ್ನು ಲೇಖಕರೇ ಒಪ್ಪಿಕೊಳ್ಳುವ ಜಾಗ ಅದು.

2013ರ ಲೇಖನದ ಸಾರಾಂಶದಲ್ಲಿ ಹೀಗಿದೆ: ಎರಡು ಡೋಸ್ ತೆಗೆದುಕೊಂಡವರಲ್ಲಿ ಲಸಿಕೆಯ ಪರಿಣಾಮ ಶೇ 62.4, ಅಂದರೆ ಲಸಿಕೆ ಇಲ್ಲದವರಿಗೆ ಹೋಲಿಸಿದರೆ ಕಾಯಿಲೆ ಬರುವುದು ಅಷ್ಟು ಕಡಿಮೆ. ಎರಡರ ಮೇಲೆ ಬೂಸ್ಟರ್ ಕೂಡ ತೆಗೆದುಕೊಂಡವರಲ್ಲಿ ಶೇ 82.9. ಹುಡುಗಿ ಅಷ್ಟನ್ನೇ ಬರೆದುಕೊಂಡಳು. 'ಪಕ್ಕದ ಆವರಣದಲ್ಲಿ ಏನಿದೆ ಓದು' ಎಂದೆ. 62.4ರ ಪಕ್ಕದಲ್ಲಿ 26.1ರಿಂದ 80.8 ಎಂದಿತ್ತು. ನಿಜವಾದ ಸಂಖ್ಯೆ ಈ ವ್ಯಾಪ್ತಿಯಲ್ಲಿ ಎಲ್ಲಾದರೂ ಇರಬಹುದು ಎಂದು ಅದರ ಅರ್ಥ. ನೂರಕ್ಕೆ ಇಪ್ಪತ್ತಾರೂ ಆಗಬಹುದು, ಎಂಬತ್ತೂ ಆಗಬಹುದು. ಇಷ್ಟು ಅಗಲದ ವ್ಯಾಪ್ತಿ ಇದ್ದಾಗ '62.4' ಎಂದು ಗಟ್ಟಿಯಾಗಿ ಹೇಳುವ ಧೈರ್ಯ ಬರಬಾರದು. ಬೂಸ್ಟರ್‌ನವರ ವ್ಯಾಪ್ತಿ 71.3ರಿಂದ 89.8. ಅದು ಹೆಚ್ಚು ನಂಬುವ ಹಾಗಿದೆ.

ಉಳಿದೆರಡನ್ನು ಪಕ್ಕದಲ್ಲಿಡಿ. 1994ರ ಲೇಖನದಲ್ಲಿ ಎರಡು ಡೋಸ್‌ಗೆ ಶೇ 93.5. 2015ರದ್ದು ಲಸಿಕೆ ತಲುಪಿದ್ದೂ ಕಡಿಮೆ, ಪರಿಣಾಮವೂ ಕಡಿಮೆ, ಲಸಿಕೆ ಹಾಕಲು ಆರಿಸಿಕೊಂಡ ಊರುಗಳ ಆಚೆಗೂ ಕಾಯಿಲೆ ಹರಡಿತ್ತು ಎನ್ನುತ್ತದೆ. ಒಂದನ್ನೇ ಓದಿ ನಿಲ್ಲಿಸಿದ್ದರೆ ಮೂರರಲ್ಲಿ ಯಾವುದು ಮೊದಲು ಕೈಗೆ ಬಂತೋ ಅದೇ 'ವಿಜ್ಞಾನ ಹೇಳುತ್ತದೆ' ಆಗಿಬಿಡುತ್ತಿತ್ತು.

ಆರನೇ ಹೆಜ್ಜೆ: ಜರ್ನಲ್ ನಂಬುವಂಥದ್ದೇ?

ದುಡ್ಡು ತೆಗೆದುಕೊಂಡು, ಪರಿಶೀಲನೆ ಮಾಡಿದ ಹಾಗೆ ನಟಿಸಿ, ಏನನ್ನಾದರೂ ಛಾಪಿಸುವ ಜರ್ನಲ್‌ಗಳು ಬೇಕಾದಷ್ಟಿವೆ. 2013ರಲ್ಲಿ 'ಸೈನ್ಸ್' ಪತ್ರಿಕೆಯ ವರದಿಗಾರರೊಬ್ಬರು ಎದ್ದು ಕಾಣುವ ತಪ್ಪುಗಳಿರುವ ಒಂದು ಸುಳ್ಳು ಲೇಖನವನ್ನು 304 ಮುಕ್ತ (ಯಾರು ಬೇಕಾದರೂ ಪುಕ್ಕಟೆ ಓದಬಹುದಾದ) ಜರ್ನಲ್‌ಗಳಿಗೆ ಕಳಿಸಿದರು. ಅರ್ಧಕ್ಕಿಂತ ಹೆಚ್ಚು ಜರ್ನಲ್‌ಗಳು ಒಪ್ಪಿಕೊಂಡವು.

'ಮೂರು ದಿನದಲ್ಲಿ ಪ್ರಕಟಣೆ' ಎಂಬ ಜಾಹೀರಾತು, ಗಣಿತದಿಂದ ಪಶುವೈದ್ಯದವರೆಗೆ ಎಲ್ಲವೂ ಒಂದೇ ಜರ್ನಲ್‌ನಲ್ಲಿ, ಹೆಸರಿನಲ್ಲಿ 'ಇಂಟರ್‌ನ್ಯಾಷನಲ್', ವಿಳಾಸ ಮಾತ್ರ ಎಲ್ಲೂ ಇಲ್ಲ: ಇಂಥದ್ದು ಕಂಡರೆ ದೂರ ಇರಿ. ಐಎಸ್‌ಎಸ್‌ಎನ್ ಇದೆ ಎಂದು ನಂಬಬೇಡಿ. ಆ ಎಂಟು ಅಂಕಿ ಜರ್ನಲ್‌ನ ಗುರುತಿನ ಸಂಖ್ಯೆ ಮಾತ್ರ, ಗುಣಕ್ಕೂ ಅದಕ್ಕೂ ಸಂಬಂಧವಿಲ್ಲ. ಗಾಡಿಗೆ ನಂಬರ್ ಪ್ಲೇಟ್ ಇದ್ದರೆ ಓಡಿಸುವವನಿಗೆ ಡ್ರೈವಿಂಗ್ ಬರುತ್ತದೆ ಎಂದೇನಲ್ಲವಲ್ಲ. ಮುಕ್ತ ಜರ್ನಲ್ ಆದರೆ ಪರಿಶೀಲಿಸಿದ ಮುಕ್ತ ಜರ್ನಲ್‌ಗಳ 'ಡಿಒಎಜೆ' (DOAJ) ಪಟ್ಟಿಯಲ್ಲಿದೆಯಾ ನೋಡಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಒಪ್ಪಿತ ಜರ್ನಲ್‌ಗಳ ಪಟ್ಟಿಯಾದ ಯುಜಿಸಿ-ಕೇರ್ ನೋಡಿ ಎಂದು ಹಿಂದೆ ಹೇಳುತ್ತಿದ್ದೆವು, 2025ರಲ್ಲಿ ಯುಜಿಸಿಯೇ ಅದನ್ನು ಕೈಬಿಟ್ಟಿತು.

ದೊಡ್ಡ ಹೆಸರಿನ ಜರ್ನಲ್ ಆದರೂ ಒಂದು ವಿಷಯ ನೋಡಲೇಬೇಕು: ಲೇಖನವನ್ನು ಹಿಂದಕ್ಕೆ ತೆಗೆದುಕೊಂಡಿದ್ದಾರಾ? ದಡಾರದ ಲಸಿಕೆಗೂ ಆಟಿಸಂಗೂ ನಂಟು ಇರಬಹುದೆಂದು ಸೂಚಿಸಿದ, ಬರೀ 12 ಮಕ್ಕಳ ಅಧ್ಯಯನ 1998ರಲ್ಲಿ ಬಂದದ್ದು 'ಲ್ಯಾನ್ಸೆಟ್'ನಲ್ಲಿ. ಅದನ್ನು ಪೂರ್ತಿಯಾಗಿ ಹಿಂದಕ್ಕೆ ತೆಗೆದುಕೊಂಡದ್ದು 2010ರಲ್ಲಿ. ಹಾಗೆ ತೆಗೆದ ಲೇಖನಕ್ಕೆ ಪಬ್‌ಮೆಡ್‌ನಲ್ಲಿ 'ರಿಟ್ರಾಕ್ಟೆಡ್' ಎಂದು ಎದ್ದು ಕಾಣುವ ಗುರುತು ಹಾಕಿರುತ್ತಾರೆ.

ಕೊನೆಗೆ: ಸಿಕ್ಕಿದ್ದನ್ನು ಕಳೆದುಕೊಳ್ಳದಿರಿ

ಈಗಿನ ಹೆಚ್ಚಿನ ಲೇಖನಗಳಿಗೆ ಡಿಒಐ (DOI) ಎಂಬ ಗುರುತಿನ ಸಂಖ್ಯೆ ಇರುತ್ತದೆ, 10ರಿಂದ ಶುರುವಾಗುತ್ತದೆ. ತಾಣದ ವಿಳಾಸ ಬದಲಾದರೂ ಇದು ಬದಲಾಗುವುದಿಲ್ಲ, ಅದನ್ನು ಬರೆದಿಟ್ಟುಕೊಳ್ಳಿ. ಹತ್ತಕ್ಕಿಂತ ಜಾಸ್ತಿ ಲೇಖನಗಳಾದರೆ 'ಜೊಟೆರೊ' ಎಂಬ ಪುಕ್ಕಟೆ ಸಾಫ್ಟ್‌ವೇರ್ ಹಾಕಿಕೊಳ್ಳಿ. ಉಲ್ಲೇಖಗಳ ಪಟ್ಟಿಯನ್ನು ಅದೇ ತಯಾರು ಮಾಡಿಕೊಡುತ್ತದೆ. ಚಾಟ್‌ಬಾಟ್ ಕೊಟ್ಟ ಉಲ್ಲೇಖವಾದರೆ ಮೊದಲು ಡಿಒಐ ಹಾಕಿ ತೆರೆದು ನೋಡಿ. ಇಲ್ಲದ ಲೇಖನವನ್ನು ಇರುವ ಲೇಖಕರ ಹೆಸರಿಗೆ ಅಂಟಿಸಿ ಕೊಡುವುದರಲ್ಲಿ ಅವು ಪಳಗಿವೆ.

ನಮ್ಮ ಹುಡುಗಿ ಮೂರು ಲೇಖನಗಳನ್ನು ಒಂದು ಪುಟದಲ್ಲಿ ಬರೆದು ಕಳಿಸಿದಳು. ವರ್ಷ, ಎಲ್ಲಿ, ಎಷ್ಟು ಡೋಸ್, ಫಲಿತಾಂಶ, ಪಕ್ಕದಲ್ಲಿ ಆವರಣದ ಸಂಖ್ಯೆಗಳು. ಕೆಳಗೆ ಪೆನ್ಸಿಲ್‌ನಲ್ಲಿ ಒಂದು ಸಾಲು: '93ರಿಂದ 62ಕ್ಕೆ ಇಳಿದದ್ದು ಯಾಕೆ? ಲಸಿಕೆಯ ಶಕ್ತಿ ಕಡಿಮೆಯಾಯ್ತಾ, ಅಥವಾ ಅಳೆದ ರೀತಿಯೇ ಬೇರೆಯಾ?' ಪದಗಳ ಹಾಳೆಗೆ 'ಪೊಟೆನ್ಸಿ' (ಲಸಿಕೆಯ ಶಕ್ತಿ) ಎಂದು ಸೇರಿಸು, ಮತ್ತೆ ಪಬ್‌ಮೆಡ್ ತೆಗೆ ಎಂದು ಹೇಳಿದ್ದೇನೆ.